ನೆಬ್ರಾಸ್ಕಾ ಏಕೆ ಇನ್ನೂ ಕಾಯುತ್ತಿದೆ, ಅಲಬಾಮಾ ಹೇಗೆ ಎದ್ದು ನಿಂತಿತು

ಓದುಗರ ಪ್ರಶ್ನೆ: ನಾವು ಅಮೆರಿಕದ ಒಮಾಹಾ ನಗರದಲ್ಲಿ ನೆಲೆಸಿದ್ದೇವೆ. ಮಗಳು ಲಿಂಕನ್‌ನಲ್ಲಿರುವ ನೆಬ್ರಾಸ್ಕಾ ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆ ಅಲ್ಲಿನ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹೊತ್ತು ಓಡುವ, ಎಸೆಯುವ ಆಟ) ಪಂದ್ಯಗಳನ್ನು ನಾವೂ ನೋಡತೊಡಗಿದ್ದೇವೆ. ಕ್ರೀಡಾಂಗಣ ಪ್ರತಿ ಸಲವೂ ತುಂಬಿರುತ್ತದೆ, ಆದರೆ ಅಕ್ಕಪಕ್ಕ ಕುಳಿತ ಹಿರಿಯರ ಮಾತೆಲ್ಲ 1990ರ ದಶಕದ್ದೇ. ಒಂದು ಕಾಲಕ್ಕೆ ದೇಶಕ್ಕೇ ಮೊದಲನೆಯದಾಗಿದ್ದ ತಂಡವನ್ನು ಈಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಅವರು ಕೊರಗುತ್ತಾರೆ. ಇಷ್ಟು ಹಣ, ಇಷ್ಟು ಅಭಿಮಾನ ಇದ್ದೂ ತಂಡವೊಂದರ ಗೌರವ ಹೋಗುವುದು ಹೇಗೆ? ಹೋದದ್ದನ್ನು ಮರಳಿ ಪಡೆದವರು ಇದ್ದಾರೆಯೇ?

ಉತ್ತರ: ಮರಳಿ ಪಡೆದವರು ಇದ್ದಾರೆ, ಮತ್ತು ಅವರ ಕಥೆಯನ್ನು ಜೊತೆಯಲ್ಲಿಟ್ಟು ನೋಡದೆ ನೆಬ್ರಾಸ್ಕಾದ ಕಥೆ ಪೂರ್ತಿಯಾಗಿ ಅರ್ಥವಾಗುವುದಿಲ್ಲ. ಅಲಬಾಮಾ ವಿಶ್ವವಿದ್ಯಾಲಯದ ತಂಡ 2000ರಿಂದ 2007ರವರೆಗೆ ಎದುರಾಳಿಗಳು ಹೆದರುವುದನ್ನೇ ಬಿಟ್ಟಿದ್ದ ತಂಡವಾಗಿತ್ತು. 2009ರ ಋತುವಿನಲ್ಲಿ ಅದು ರಾಷ್ಟ್ರೀಯ ಚಾಂಪಿಯನ್ ಆಯಿತು. ಅದೇ ದಶಕದಲ್ಲಿ ಇಳಿಯತೊಡಗಿದ ನೆಬ್ರಾಸ್ಕಾ ಇನ್ನೂ ಮೇಲೇರುವ ದಾರಿಯನ್ನು ಹುಡುಕುತ್ತಿದೆ. ಈ ಎರಡು ತಂಡಗಳನ್ನು ಬಹುಕಾಲದಿಂದ ಗಮನಿಸುತ್ತ ಬಂದ ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಗೌರವವು ಮೈದಾನದಲ್ಲಿ ಕರಗುವುದಕ್ಕೆ ಮೊದಲು ಆಡಳಿತದ ಕೋಣೆಗಳಲ್ಲಿ ಕರಗಿರುತ್ತದೆ, ಮರಳುವಾಗಲೂ ಗೆಲುವಿನ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದಕ್ಕೆ ಒಂದೆರಡು ವರ್ಷ ಮೊದಲೇ ಅಲ್ಲಿಂದಲೇ ಮರಳತೊಡಗಿರುತ್ತದೆ. ತಂಡದ ವಿಷಯದಲ್ಲಿ ಕೊನೆಯ ಮಾತು ಯಾರದು ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರವಿದ್ದ ಕಾಲದಲ್ಲಿ ಇವೆರಡೂ ಬೆಳೆದವು, ಆ ಉತ್ತರ ಮಸುಕಾದಾಗ ಕುಸಿದವು.

ಈ ಆಟದಲ್ಲಿ ಗೌರವಕ್ಕೆ ಇಷ್ಟು ಬೆಲೆ ಏಕೆ ಎಂಬುದನ್ನು ಮೊದಲು ನೋಡೋಣ. ಕಾಲೇಜು ಫುಟ್‌ಬಾಲಿನ ಮೇಲಿನ ದರ್ಜೆಯಲ್ಲಿ 130ಕ್ಕೂ ಹೆಚ್ಚು ತಂಡಗಳಿವೆ, ಆದರೆ ಒಂದೊಂದು ತಂಡವೂ ಋತುವಿನಲ್ಲಿ ಆಡುವುದು ಹನ್ನೆರಡು ಪಂದ್ಯಗಳನ್ನು ಮಾತ್ರ. ಹೆಚ್ಚಿನ ತಂಡಗಳು ಎಂದೂ ಮುಖಾಮುಖಿಯಾಗುವುದಿಲ್ಲವಾದ್ದರಿಂದ ಅಂಕಪಟ್ಟಿಯನ್ನು ನೋಡಿ ಯಾರು ಮೇಲು ಎಂದು ನಿರ್ಧರಿಸಲು ಬರುವುದಿಲ್ಲ. ಆದ್ದರಿಂದ 1936ರಿಂದಲೂ ಪತ್ರಕರ್ತರ ಮತಗಣನೆ ಪ್ರತಿ ವಾರ ತಂಡಗಳಿಗೆ ಸ್ಥಾನ ನೀಡುತ್ತ ಬಂದಿದೆ, ಮತ್ತು ಬಹುಕಾಲ ರಾಷ್ಟ್ರೀಯ ಚಾಂಪಿಯನ್ ಯಾರು ಎಂಬುದನ್ನು ಇಂಥ ಮತಗಳೇ ತೀರ್ಮಾನಿಸುತ್ತಿದ್ದವು. 2014ರಲ್ಲಿ ನಾಲ್ಕು ತಂಡಗಳ ಪ್ಲೇಆಫ್ ಬಂದು, 2024ರಲ್ಲಿ ಅದು ಹನ್ನೆರಡು ತಂಡಗಳಿಗೆ ವಿಸ್ತರಿಸಿದ ಮೇಲೂ ತಂಡಗಳ ಶ್ರೇಯಾಂಕವನ್ನು ನಿಗದಿಪಡಿಸುವುದು ಒಂದು ಸಮಿತಿಯೇ. ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಪ್ರತಿ ನಾಲ್ಕೈದು ವರ್ಷಕ್ಕೆ ಆಟಗಾರರ ಇಡೀ ಪಡೆ ಬದಲಾಗುತ್ತದೆ, ಆ ಜಾಗಕ್ಕೆ ಬರುವವರು ಹದಿನೇಳು ಹದಿನೆಂಟರ ಹರೆಯದ ಹುಡುಗರು. ಅವರು ಒಂದು ವಿಶ್ವವಿದ್ಯಾಲಯವನ್ನು ಆರಿಸಿಕೊಳ್ಳುವುದು ಅದರ ಕಪಾಟಿನಲ್ಲಿರುವ ಟ್ರೋಫಿಗಳನ್ನು ನೋಡಿ ಅಲ್ಲ, ತಮಗೆ ನೆನಪಿರುವ ಐದಾರು ವರ್ಷಗಳಲ್ಲಿ ಆ ಹೆಸರಿಗೆ ಎಷ್ಟು ತೂಕವಿತ್ತು ಎಂಬುದನ್ನು ನೋಡಿ. ನಿಮ್ಮ ಪಕ್ಕದಲ್ಲಿ ಕುಳಿತವರಿಗೆ 1997 ನಿನ್ನೆಯಂತಿರಬಹುದು. ಇಂದು ತಂಡ ಸೇರುತ್ತಿರುವ ಹುಡುಗ ಆಗ ಹುಟ್ಟಿರಲಿಲ್ಲ.

ಗೆದ್ದರೆ ಗೌರವ ತಾನಾಗಿ ಬರುತ್ತದೆ ಎಂಬುದು ಸಾಮಾನ್ಯ ನಂಬಿಕೆ. 1966ರ ಅಲಬಾಮಾ ತಂಡ ಅದಕ್ಕೆ ತಕ್ಕ ಉತ್ತರ. ಪಾಲ್ ಬೇರ್ ಬ್ರಯಂಟ್ ತರಬೇತಿಯಲ್ಲಿ ಆ ತಂಡ ಹನ್ನೊಂದಕ್ಕೆ ಹನ್ನೊಂದು ಪಂದ್ಯಗಳನ್ನೂ ಗೆದ್ದಿತು. ಋತುವಿನ ಕೊನೆಗೆ ಆಹ್ವಾನಿತ ತಂಡಗಳು ಆಡುವ ‘ಬೌಲ್’ ಪಂದ್ಯಗಳಲ್ಲೊಂದಾದ ಷುಗರ್ ಬೌಲ್‌ನಲ್ಲಿ, 1967ರ ಜನವರಿಯಲ್ಲಿ, ಸೋಲಿಸಿದ್ದು ಬೇರೆ ಯಾರನ್ನೂ ಅಲ್ಲ, ನೆಬ್ರಾಸ್ಕಾವನ್ನೇ, ಅದೂ 34–7ರಿಂದ. ಆದರೆ ಆ ಬೌಲ್ ಪಂದ್ಯಕ್ಕೆ ಮೊದಲೇ ಮುಗಿದಿದ್ದ ಅಂತಿಮ ಮತಗಣನೆಯಲ್ಲಿ ಮೊದಲ ಎರಡು ಸ್ಥಾನ ಪಡೆದದ್ದು ಪರಸ್ಪರ 10–10ರಲ್ಲಿ ಸಮ ಮಾಡಿಕೊಂಡಿದ್ದ ನಾಟರ್ ಡೇಮ್ ಮತ್ತು ಮಿಶಿಗನ್ ಸ್ಟೇಟ್. ಒಂದೂ ಪಂದ್ಯ ಸೋಲದ, ಒಂದನ್ನೂ ಸಮ ಮಾಡಿಕೊಳ್ಳದ ಅಲಬಾಮಾಕ್ಕೆ ಮೂರನೆಯ ಸ್ಥಾನ. ಕರಿಯ ಆಟಗಾರನೊಬ್ಬನೂ ಇಲ್ಲದ, ವರ್ಣಭೇದ ಬಿಡದ ರಾಜ್ಯವೊಂದರ ತಂಡವನ್ನು ದೇಶದ ಅತ್ಯುತ್ತಮ ಎಂದು ಒಪ್ಪಲು ಹಲವರಿಗೆ ಮನಸ್ಸಾಗಲಿಲ್ಲ ಎಂಬ ವಿವರಣೆ ಅಂದಿನಿಂದ ಇಂದಿನವರೆಗೂ ಚಾಲ್ತಿಯಲ್ಲಿದೆ, ಮತ್ತು ಅದರಲ್ಲಿ ಬಹಳಷ್ಟು ಸತ್ಯವಿದೆ ಎಂದೇ ನನ್ನ ಅಭಿಪ್ರಾಯ. ಅಲಬಾಮಾದ ಅಭಿಮಾನಿಗಳು ಇದನ್ನು ಅನ್ಯಾಯ ಎನ್ನುತ್ತಾರೆ. ಆದರೆ ಅತ್ಯುತ್ತಮರ ಒಂದು ದೊಡ್ಡ ಪಾಲನ್ನು ಬಾಗಿಲ ಹೊರಗೆ ನಿಲ್ಲಿಸಿದ ತಂಡವು ಅತ್ಯುತ್ತಮ ಎಂಬ ಪಟ್ಟವನ್ನು ಕೇಳಿದಾಗ ದೇಶ ಹಿಂಜರಿದದ್ದರಲ್ಲಿ ನನಗೆ ಅನ್ಯಾಯ ಕಾಣುವುದಿಲ್ಲ.

ಅದರ ಫಲ ಮೈದಾನದಲ್ಲೂ ಬೇಗ ಕಂಡಿತು. 1969ರಲ್ಲಿ ಅಲಬಾಮಾ ಗೆದ್ದದ್ದು ಆರು, ಸೋತದ್ದು ಐದು. 1970ರಲ್ಲೂ ಹೆಚ್ಚುಕಡಿಮೆ ಅದೇ ಕಥೆ. 1970ರ ಸೆಪ್ಟೆಂಬರ್ 12ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ತಂಡ, ಸ್ಯಾಮ್ ಕನಿಂಗ್‌ಹ್ಯಾಮ್ ಎಂಬ ಕರಿಯ ಓಟಗಾರನ ಬಲದಿಂದ, ಬ್ರಯಂಟ್ ತಂಡವನ್ನು ಅದರ ಜನರ ಕಣ್ಣೆದುರೇ 42–21ರಿಂದ ಸೋಲಿಸಿತು. ಆ ಒಂದು ಸಂಜೆ ಎಲ್ಲವನ್ನೂ ಬದಲಿಸಿತು ಎಂಬ ದಂತಕಥೆಯನ್ನು ಪೂರ್ತಿ ನಂಬಬೇಡಿ. ಅಲಬಾಮಾದ ಮೊದಲ ಕರಿಯ ವಿದ್ಯಾರ್ಥಿವೇತನ ಆಟಗಾರ ವಿಲ್ಬರ್ ಜಾಕ್ಸನ್ ಆ ವೇಳೆಗಾಗಲೇ ವಿಶ್ವವಿದ್ಯಾಲಯಕ್ಕೆ ಸೇರಿದ್ದರು. ಆದರೆ ಮುಂದಿನ ವರ್ಷದೊಳಗೆ ಬ್ರಯಂಟ್ ಮಾಡಿದ ಬದಲಾವಣೆಗಳು ಸಣ್ಣವಲ್ಲ. ವಿಶ್‌ಬೋನ್ ಎಂಬ ಹೊಸ ಆಕ್ರಮಣ ಪದ್ಧತಿಯನ್ನು ಗುಟ್ಟಾಗಿ ಕಲಿಸಿದರು, ಕರಿಯ ಆಟಗಾರ ಜಾನ್ ಮಿಚೆಲ್ ಅವರನ್ನು ಕಣಕ್ಕಿಳಿಸಿದರು, 1971ರ ಮೊದಲ ಪಂದ್ಯದಲ್ಲಿ ಲಾಸ್ ಏಂಜಲೀಸ್‌ಗೇ ಹೋಗಿ ಅದೇ ಸದರ್ನ್ ಕ್ಯಾಲಿಫೋರ್ನಿಯಾವನ್ನು 17–10ರಿಂದ ಸೋಲಿಸಿದರು. ಆ ವರ್ಷ ಅವರ ಗೆಲುವಿನ ಓಟವನ್ನು ತಡೆದದ್ದು ನೆಬ್ರಾಸ್ಕಾ: 1972ರ ಹೊಸವರ್ಷದ ದಿನದ ಆರೆಂಜ್ ಬೌಲ್‌ನಲ್ಲಿ 38–6. ಎರಡೂ ತಂಡಗಳ ಇತಿಹಾಸ ಹೀಗೆ ಮೊದಲಿನಿಂದಲೂ ಒಂದಕ್ಕೊಂದು ಹೆಣೆದುಕೊಂಡಿದೆ.

ಈಗ ನಿಮ್ಮ ಲಿಂಕನ್‌ಗೆ ಬರುತ್ತೇನೆ. 2020ರ ಜನಗಣತಿಯಲ್ಲೂ ಇಪ್ಪತ್ತು ಲಕ್ಷ ತಲುಪದ ಜನಸಂಖ್ಯೆ, ದೊಡ್ಡ ಆಟಗಾರರನ್ನು ಹೇರಳವಾಗಿ ಬೆಳೆಸದ ನೆಲ, ಕಡು ಚಳಿ. ಇಂಥ ರಾಜ್ಯದಲ್ಲಿ 1962ರಲ್ಲಿ ಬಾಬ್ ಡೆವಾನಿ ಎಂಬ ಕೋಚ್ ಕಟ್ಟಲು ಆರಂಭಿಸಿದ್ದು ಒಂದು ಪವಾಡವೇ ಸರಿ. ಮೆಮೋರಿಯಲ್ ಕ್ರೀಡಾಂಗಣದ ಟಿಕೆಟ್‌ಗಳು ಪ್ರತಿ ಪಂದ್ಯಕ್ಕೂ ಪೂರ್ತಿ ಮಾರಾಟವಾಗುವ ಪರಂಪರೆ ಆ ವರ್ಷದ ನವೆಂಬರ್‌ನಲ್ಲೇ ಆರಂಭವಾದದ್ದು. 1970 ಮತ್ತು 1971ರಲ್ಲಿ ಡೆವಾನಿ ರಾಷ್ಟ್ರೀಯ ಪಟ್ಟ ಗೆದ್ದರು. 1973ರಲ್ಲಿ ಅವರ ಜಾಗಕ್ಕೆ ಬಂದ ಟಾಮ್ ಆಸ್ಬೋರ್ನ್ ಇಪ್ಪತ್ತೈದು ವರ್ಷ ತಂಡವನ್ನು ನಡೆಸಿ, 255 ಪಂದ್ಯ ಗೆದ್ದು, 49 ಸೋತು, ಒಂದೇ ಒಂದು ವರ್ಷವೂ ಒಂಬತ್ತು ಗೆಲುವಿಗಿಂತ ಕೆಳಗಿಳಿಯಲಿಲ್ಲ. ಡೆವಾನಿಯವರೇ ಕ್ರೀಡಾ ನಿರ್ದೇಶಕರಾಗಿ ಕುಳಿತಿದ್ದರಿಂದ, ಆಸ್ಬೋರ್ನ್ ಮೊದಲ ವರ್ಷಗಳಲ್ಲಿ ಪ್ರತಿಸ್ಪರ್ಧಿ ಒಕ್ಲಹೋಮಾಕ್ಕೆ ಮತ್ತೆ ಮತ್ತೆ ಸೋತಾಗಲೂ ಅವರ ಕುರ್ಚಿ ಅಲುಗಲಿಲ್ಲ. ಈ ಸಂಗತಿಯನ್ನು ನೆನಪಿನಲ್ಲಿಡಿ.

ಅವರ ಬಲ ಮೂರು ಕಡೆಯಿಂದ ಬಂತು. ವಿದ್ಯಾರ್ಥಿವೇತನವಿಲ್ಲದೆ ಸ್ವಂತ ಖರ್ಚಿನಲ್ಲಿ ಬಂದು ಸೇರುವ ಹಳ್ಳಿಗಳ, ಹೊಲಮನೆಗಳ ಹುಡುಗರನ್ನು ಅವರು ದೊಡ್ಡ ಸಂಖ್ಯೆಯಲ್ಲಿ ಇರಿಸಿಕೊಂಡು ವರ್ಷಗಟ್ಟಲೆ ಪಳಗಿಸುತ್ತಿದ್ದರು. ಇಂಥವರಿಗೆ ಅಲ್ಲಿ ‘ವಾಕ್-ಆನ್’ ಎಂಬ ಹೆಸರು. 1969ರಲ್ಲೇ ಬಾಯ್ಡ್ ಎಪ್ಲಿ ಎಂಬವರನ್ನು ಭಾರ ಎತ್ತುವ ತರಬೇತಿಗೆಂದೇ ನೇಮಿಸಿಕೊಂಡಿದ್ದರು, ಆಗ ಹೆಚ್ಚಿನ ಕಾಲೇಜುಗಳಲ್ಲಿ ಅಂಥ ಹುದ್ದೆಯೇ ಇರಲಿಲ್ಲ. ಜೊತೆಗೆ ಆಕ್ರಮಣವನ್ನು ಮುನ್ನಡೆಸುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ತಾನೇ ಹೊತ್ತು ಓಡಬಹುದಾದ, ಕೊನೆಯ ಕ್ಷಣದಲ್ಲಿ ಬದಿಯ ಓಟಗಾರನಿಗೆ ಎಸೆಯಬಹುದಾದ ‘ಆಪ್ಷನ್’ ಆಟವನ್ನು ಅವರು ಯಾರಿಗಿಂತಲೂ ಚೆನ್ನಾಗಿ ಆಡುತ್ತಿದ್ದರು. ಬೇರೆಯವರಿಗೆ ಸಿಗುವಂಥ ಹುಡುಗರು ತಮಗೆ ಸಿಗುವುದಿಲ್ಲ ಎಂಬುದನ್ನು ಒಪ್ಪಿಕೊಂಡು, ಸಿಕ್ಕವರನ್ನು ಬೇರೆಯವರು ಮಾಡದ ರೀತಿಯಲ್ಲಿ ಬೆಳೆಸುವುದು ಇಡೀ ವ್ಯವಸ್ಥೆಯ ತಿರುಳಾಗಿತ್ತು.

ಆಸ್ಬೋರ್ನ್ ಅವರಿಗೆ ದೇಶದ ಗೌರವ ಸಿಕ್ಕಿದ್ದು ಒಂದು ಸೋಲಿನಿಂದ ಎಂದರೆ ನಿಮಗೆ ಆಶ್ಚರ್ಯವಾಗಬಹುದು. 1984ರ ಜನವರಿ 2ರ ರಾತ್ರಿ ಆರೆಂಜ್ ಬೌಲ್‌ನಲ್ಲಿ, ಅಲ್ಲಿಯವರೆಗೆ ಸೋಲನ್ನೇ ಕಾಣದಿದ್ದ ನೆಬ್ರಾಸ್ಕಾ ಕೊನೆಯ ಹಂತದಲ್ಲಿ ಮಯಾಮಿ ಎದುರು 31–17ರಿಂದ ಹಿಂದಿತ್ತು. ಅಂತರವನ್ನು 31–24ಕ್ಕೆ ಇಳಿಸಿದ ಮೇಲೆ, ಆಟ ಮುಗಿಯಲು 48 ಸೆಕೆಂಡುಗಳಿರುವಾಗ, ನಾಲ್ಕನೆಯ ಹಾಗೂ ಕೊನೆಯ ಯತ್ನದಲ್ಲಿ ಜೆಫ್ ಸ್ಮಿತ್ 24 ಗಜ ಓಡಿ ಆರು ಅಂಕಗಳ ಟಚ್‌ಡೌನ್ ಮಾಡಿದಾಗ ಸ್ಕೋರು 31–30 ಆಯಿತು. ಆಗಿನ್ನೂ ಹೆಚ್ಚುವರಿ ಅವಧಿ ಎಂಬುದು ಇರಲಿಲ್ಲ. ಚೆಂಡನ್ನು ಕಂಬಗಳ ನಡುವೆ ಒದ್ದು ಒಂದು ಅಂಕ ಪಡೆದರೆ ಪಂದ್ಯ ಸಮ, ಅಜೇಯರಾಗಿ ಉಳಿಯುವ ನೆಬ್ರಾಸ್ಕಾಕ್ಕೆ ರಾಷ್ಟ್ರೀಯ ಪಟ್ಟ ಬಹುತೇಕ ಖಚಿತ. ಆಸ್ಬೋರ್ನ್ ಎರಡು ಅಂಕಗಳಿಗೆ, ಎಂದರೆ ಗೆಲುವಿಗೇ, ಯತ್ನಿಸಲು ಹೇಳಿದರು. ಟರ್ನರ್ ಗಿಲ್ ಎಸೆದ ಚೆಂಡಿಗೆ ಮಯಾಮಿಯ ಕೆನ್ ಕಾಲ್ಹೂನ್ ಅವರ ಕೈ ತಗುಲಿ ಅದು ದಿಕ್ಕು ತಪ್ಪಿತು. ಪಂದ್ಯವೂ ಹೋಯಿತು, ಪಟ್ಟವೂ ಹೋಯಿತು. ಅವರು ಸಮಬಲಕ್ಕೆ ತೃಪ್ತರಾಗಿದ್ದರೆ ಯಾರೂ ದೂರುತ್ತಿರಲಿಲ್ಲ. ಆದರೆ ನಲವತ್ತು ವರ್ಷಗಳ ನಂತರವೂ ಅವರ ಹೆಸರನ್ನು ಎದುರಾಳಿಗಳು ಮರ್ಯಾದೆಯಿಂದ ಹೇಳುವುದಕ್ಕೆ ಆ ಒಂದು ನಿರ್ಧಾರ ಅವರು ಮುಂದೆ ಗೆದ್ದ ಪಟ್ಟಗಳಷ್ಟೇ ಕಾರಣ.

ಪಟ್ಟಗಳು ಮುಂದೆ ಬಂದವು. 1993ರಿಂದ 1997ರವರೆಗಿನ ಐದು ವರ್ಷಗಳಲ್ಲಿ ನೆಬ್ರಾಸ್ಕಾ 60 ಪಂದ್ಯ ಗೆದ್ದು ಸೋತದ್ದು ಮೂರನ್ನು ಮಾತ್ರ. 1994, 1995, 1997ರಲ್ಲಿ ಚಾಂಪಿಯನ್. 1995ರ ಋತುವಿನ ಕೊನೆಗೆ ಫ್ಲಾರಿಡಾವನ್ನು 62–24ರಿಂದ ಸೋಲಿಸಿದ ತಂಡವನ್ನು ಕಾಲೇಜು ಫುಟ್‌ಬಾಲಿನ ಸಾರ್ವಕಾಲಿಕ ಶ್ರೇಷ್ಠ ತಂಡ ಎನ್ನುವವರು ಇಂದಿಗೂ ಬಹಳ. ಆದರೆ ಅದೇ ವರ್ಷ, ಮಾಜಿ ಗೆಳತಿಯ ಮೇಲೆ ಹಲ್ಲೆ ಮಾಡಿ ಬಂಧಿತನಾಗಿದ್ದ ಪ್ರಮುಖ ಓಟಗಾರನೊಬ್ಬನನ್ನು ಅಮಾನತಿನ ನಂತರ ಆಸ್ಬೋರ್ನ್ ಮತ್ತೆ ಆಡಿಸಿದರು. ಶಿಸ್ತಿನ ಚೌಕಟ್ಟಿನಲ್ಲಿದ್ದರೆ ಹುಡುಗ ಉಳಿದುಕೊಳ್ಳುತ್ತಾನೆ ಎಂಬುದು ಅವರ ವಾದವಾಗಿತ್ತು. ಆ ವಾದದಲ್ಲಿ ಪ್ರಾಮಾಣಿಕತೆ ಇತ್ತು ಎಂದು ಒಪ್ಪುತ್ತಲೇ, ಹಲ್ಲೆಗೊಳಗಾದ ಹೆಣ್ಣುಮಗಳ ಲೆಕ್ಕ ಅದರಲ್ಲಿ ಎಲ್ಲಿತ್ತು ಎಂದು ಅಂದು ಕೇಳಿದವರ ಪ್ರಶ್ನೆ ನ್ಯಾಯವಾದದ್ದು ಎನ್ನಲೇಬೇಕು. ಗೆಲುವಿನ ಉತ್ತುಂಗದಲ್ಲಿ ಆದ ಇಂಥ ಗಾಯಗಳು ಆಗ ಗಮನಕ್ಕೆ ಬರುವುದಿಲ್ಲ, ಕೆಟ್ಟ ದಿನಗಳು ಬಂದಾಗ ಜನ ಅವನ್ನು ನೆನೆಯುತ್ತಾರೆ.

ಆಸ್ಬೋರ್ನ್ ನಿವೃತ್ತರಾದಾಗಲೇ ಕಾಲ ಬದಲಾಗತೊಡಗಿತ್ತು. ಎಪ್ಲಿಯವರ ತರಬೇತಿ ಪದ್ಧತಿಯನ್ನು ಎಲ್ಲರೂ ಅಳವಡಿಸಿಕೊಂಡಿದ್ದರು. ಒಂದು ತಂಡ ಕೊಡಬಹುದಾದ ವಿದ್ಯಾರ್ಥಿವೇತನಗಳ ಮಿತಿ 85ಕ್ಕೆ ಇಳಿದಿತ್ತು. 1996ರಲ್ಲಿ ಟೆಕ್ಸಾಸ್‌ನ ವಿಶ್ವವಿದ್ಯಾಲಯಗಳೂ ಸೇರಿ ಹೊಸ ಒಕ್ಕೂಟವಾದಾಗ ಅದರ ನಿಯಮಗಳು ನೆಬ್ರಾಸ್ಕಾದ ಹಳೆಯ ಅನುಕೂಲಗಳನ್ನು ಮೊಟಕುಗೊಳಿಸಿದವು, ಒಕ್ಲಹೋಮಾ ಎದುರಿನ ವಾರ್ಷಿಕ ಪಂದ್ಯವೂ ನಿಂತಿತು. ಇದ್ಯಾವುದೂ ಆಸ್ಬೋರ್ನ್ ಅವರ ಶಿಷ್ಯ ಫ್ರ್ಯಾಂಕ್ ಸಾಲಿಚ್ ಅವರ ತಪ್ಪಲ್ಲ. 2001ರಲ್ಲಿ ಅವರ ತಂಡ ಕೊಲರಾಡೋಗೆ 62–36ರಿಂದ ಸೋತರೂ ಅಂತಿಮ ಪಂದ್ಯ ತಲುಪಿ ಅಲ್ಲಿ ಮಯಾಮಿಗೆ 37–14ರಿಂದ ಸೋತಿತು. 2002ರಲ್ಲಿ ಏಳು ಗೆಲುವು, ಏಳು ಸೋಲು. ಮೂವತ್ತಮೂರು ವರ್ಷಗಳಿಂದ ಒಂಬತ್ತು ಗೆಲುವಿಗೆ ಕಡಿಮೆಯಿಲ್ಲದೆ ನಡೆದುಬಂದ ದಾಖಲೆ ಅಲ್ಲಿಗೆ ಮುರಿಯಿತು. ಸಾಲಿಚ್ ತಮ್ಮ ಸಹಾಯಕರನ್ನು ಬದಲಿಸಿ 2003ರಲ್ಲಿ ಮತ್ತೆ ಒಂಬತ್ತು ಗೆದ್ದರು. ಹಾಗೆ ಗೆದ್ದ ಮರುದಿನಗಳಲ್ಲೇ ಸಾಲಿಚ್ ಅವರನ್ನು ಹೊಸ ಕ್ರೀಡಾ ನಿರ್ದೇಶಕ ಸ್ಟೀವ್ ಪೀಡರ್ಸನ್ ತೆಗೆದುಹಾಕಿದರು. ತಂಡ ಸಾಧಾರಣ ಮಟ್ಟಕ್ಕೆ ಜಾರಲು ಬಿಡುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ.

ನೆಬ್ರಾಸ್ಕಾದ ಪತನ ಆರಂಭವಾದದ್ದು ಯಾವ ಸೋಲಿನಿಂದ ಎಂದು ನೀವು ಕೇಳಿದರೆ, ನಾನು ತೋರಿಸುವುದು 2003ರ ನವೆಂಬರ್‌ನ ಆ ನಿರ್ಧಾರವನ್ನೇ. ಕೋಚ್ ಬದಲಾಗಬಾರದಿತ್ತು ಎಂಬುದಲ್ಲ ನನ್ನ ಆಕ್ಷೇಪ. ಮುಂದೆ ಯಾರು ಎಂಬ ಸಿದ್ಧತೆಯಿಲ್ಲದೆ ತೆಗೆದದ್ದರಿಂದ ಒಂದು ತಿಂಗಳಿಗೂ ಹೆಚ್ಚು ಕಾಲ ಹುದ್ದೆ ಖಾಲಿ ಉಳಿಯಿತು, ಮತ್ತು ನೆಬ್ರಾಸ್ಕಾ ಕರೆದರೆ ಯಾರಾದರೂ ಓಡಿ ಬರುತ್ತಾರೆ ಎಂಬ ಭಾವನೆ ಸುಳ್ಳೆಂದು ಇಡೀ ದೇಶಕ್ಕೆ ಗೊತ್ತಾಯಿತು. ಕೊನೆಗೆ ಬಂದ ಬಿಲ್ ಕ್ಯಾಲಹನ್ ವೃತ್ತಿಪರ ತಂಡವೊಂದನ್ನು ಆ ದರ್ಜೆಯ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಕೊಂಡೊಯ್ದಿದ್ದವರು. ಅವರು ಆಪ್ಷನ್ ಆಟವನ್ನು ಕೈಬಿಟ್ಟು, ಓಟಕ್ಕೆಂದು ಬೆಳೆಸಿದ ಹುಡುಗರಿಂದ ಎಸೆತದ ಆಟ ಆಡಿಸಲು ಹೊರಟರು. 2004ರಲ್ಲಿ ಟೆಕ್ಸಾಸ್ ಟೆಕ್ ಎದುರು 70–10ರ ಸೋಲು, 1961ರ ನಂತರ ಮೊದಲ ಬಾರಿಗೆ ಗೆಲುವಿಗಿಂತ ಹೆಚ್ಚು ಸೋಲುಗಳ ವರ್ಷ, ಮೂವತ್ತೈದು ವರ್ಷ ತಪ್ಪದೆ ಆಡಿದ್ದ ಬೌಲ್ ಪಂದ್ಯಗಳ ಸರಣಿಗೆ ತೆರೆ. 2007ರಲ್ಲಿ, ತಲೆಮಾರುಗಳ ಕಾಲ ತಾವು ಸೋಲಿಸುತ್ತಲೇ ಬಂದಿದ್ದ ಕ್ಯಾನ್ಸಸ್ ಎದುರು 76–39.

ನಂತರದ್ದನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದು ಒಂದೇ ತಪ್ಪಿನ ಪುನರಾವರ್ತನೆ. ಬೋ ಪೆಲಿನಿ ಏಳು ವರ್ಷ, ವರ್ಷಕ್ಕೆ ಒಂಬತ್ತು ಹತ್ತು ಪಂದ್ಯ ಗೆದ್ದರೂ 2014ರಲ್ಲಿ ಅವರನ್ನು ಕಳುಹಿಸಲಾಯಿತು. ಮೈಕ್ ರೈಲಿ ಬಂದು 19 ಗೆದ್ದು 19 ಸೋತರು. 1997ರ ಚಾಂಪಿಯನ್ ತಂಡದ ಕ್ವಾರ್ಟರ್‌ಬ್ಯಾಕ್, ರಾಜ್ಯದ ಮನೆಮಗ ಸ್ಕಾಟ್ ಫ್ರಾಸ್ಟ್ ಅವರನ್ನು 2018ರ ಋತುವಿಗೆ ಮೆರವಣಿಗೆಯಲ್ಲಿ ಎಂಬಂತೆ ಕರೆತಂದರು, ಅವರು 16 ಗೆದ್ದು 31 ಸೋತರು. ಪ್ರತಿಯೊಬ್ಬರೂ ಹಿಂದಿನವರಿಗೆ ತದ್ವಿರುದ್ಧ. ಎಸೆತದವರ ನಂತರ ರಕ್ಷಣೆಯವರು, ಸಿಡುಕಿನವರ ನಂತರ ಸೌಮ್ಯರು, ಹೊರಗಿನವರ ನಂತರ ಒಳಗಿನವರು. 2011ರಲ್ಲಿ ಒಕ್ಕೂಟವನ್ನೇ ಬದಲಿಸಿ ಬಿಗ್ ಟೆನ್ ಸೇರಿದ್ದರಿಂದ ಹಣ ಬಂತು, ಆದರೆ ವರ್ಷವರ್ಷವೂ ಟೆಕ್ಸಾಸ್‌ಗೆ ಹೋಗಿ ಆಡುತ್ತಿದ್ದಾಗ ಅಲ್ಲಿನ ಹುಡುಗರೊಂದಿಗೆ ಇದ್ದ ನಂಟು ಸಡಿಲವಾಯಿತು. ನಾಲ್ಕು ವರ್ಷದಲ್ಲಿ ಬೆಳೆಯಬೇಕಾದ ಪೈರನ್ನು ಎರಡು ವರ್ಷಕ್ಕೊಮ್ಮೆ ಕಿತ್ತು ಬೇರೆ ಬೀಜ ಹಾಕಿದರೆ ಯಾವ ನೆಲವೂ ಫಲ ಕೊಡುವುದಿಲ್ಲ.

ಅಲಬಾಮಾದ ಕುಸಿತವೂ ಸ್ವರೂಪದಲ್ಲಿ ಬೇರೆಯಲ್ಲ. ಆರು ರಾಷ್ಟ್ರೀಯ ಪಟ್ಟ ತಂದಿದ್ದ ಬ್ರಯಂಟ್ 1982ರ ಡಿಸೆಂಬರ್‌ನಲ್ಲಿ ಕೊನೆಯ ಪಂದ್ಯ ಮುಗಿಸಿ, ನಾಲ್ಕು ವಾರಗಳಲ್ಲಿ, 1983ರ ಜನವರಿ 26ರಂದು ತೀರಿಕೊಂಡರು. ಅಲ್ಲಿಂದ ಮುಂದೆ ಕಾಲು ಶತಮಾನ ಆ ಊರಿನಲ್ಲಿ ಪ್ರತಿ ಕೋಚ್‌ನನ್ನೂ ಅವರೊಂದಿಗೆ ಹೋಲಿಸಿಯೇ ನೋಡಿದರು. ಹೊರಗಿನಿಂದ ಬಂದ ಬಿಲ್ ಕರಿ ಮೂರು ವರ್ಷದಲ್ಲಿ 26 ಪಂದ್ಯ ಗೆದ್ದು 10 ಮಾತ್ರ ಸೋತರೂ, ಒಂದು ಸೋಲಿನ ನಂತರ ಅವರ ಕಚೇರಿಯ ಕಿಟಕಿಗೆ ಇಟ್ಟಿಗೆ ಬಿತ್ತು. ನೆರೆಯ ಪ್ರತಿಸ್ಪರ್ಧಿ ಆಬರ್ನ್ ತಂಡವನ್ನು ಒಮ್ಮೆಯೂ ಸೋಲಿಸಲಾಗದೆ ಅವರು ಹೊರಟುಹೋದರು. ಬ್ರಯಂಟ್ ಅವರ ಶಿಷ್ಯ ಜೀನ್ ಸ್ಟಾಲಿಂಗ್ಸ್ 1992ರಲ್ಲಿ ಪಟ್ಟ ತಂದರು, ಆದರೆ ಅದರ ಬೆನ್ನಿಗೇ ನಿಯಮಭಂಗದ ಶಿಕ್ಷೆ ಬಂತು. 2000ದ ಋತುವನ್ನು ದೇಶದಲ್ಲಿ ಮೂರನೆಯ ಸ್ಥಾನದಿಂದ ಆರಂಭಿಸಿದ ತಂಡ ಸೆಂಟ್ರಲ್ ಫ್ಲಾರಿಡಾದಂಥವರಿಗೂ ತವರಿನಲ್ಲಿ ಸೋತು, ಮೂರು ಗೆಲುವು ಎಂಟು ಸೋಲಿನೊಂದಿಗೆ ಮುಗಿಸಿತು. ಮೆಂಫಿಸ್‌ನ ಹುಡುಗನೊಬ್ಬನನ್ನು ಅಲಬಾಮಾಕ್ಕೆ ಕಳುಹಿಸುವಂತೆ ಶ್ರೀಮಂತ ಅಭಿಮಾನಿಯೊಬ್ಬರು ಅವನ ಹೈಸ್ಕೂಲು ಕೋಚ್‌ಗೆ ಹಣ ಕೊಟ್ಟ ಪ್ರಕರಣ ಹೊರಬಂದು, 2002ರ ಫೆಬ್ರುವರಿಯಲ್ಲಿ ತಂಡಕ್ಕೆ ಎರಡು ವರ್ಷ ಬೌಲ್ ಪಂದ್ಯಗಳ ನಿಷೇಧ, 21 ವಿದ್ಯಾರ್ಥಿವೇತನಗಳ ಕಡಿತ, ಐದು ವರ್ಷಗಳ ನಿಗಾ. ಆ ವರ್ಷ ಹತ್ತು ಪಂದ್ಯ ಗೆಲ್ಲಿಸಿದ ಕೋಚ್ ಟೆಕ್ಸಾಸ್ ಎ ಆ್ಯಂಡ್ ಎಮ್‌ಗೆ ಹೋದರು; ಅವರ ಜಾಗಕ್ಕೆ ಬಂದವರನ್ನು ಒಂದು ಪಂದ್ಯವೂ ಆಡಿಸುವ ಮುನ್ನವೇ ತೆಗೆಯಬೇಕಾಯಿತು. ನಂತರ ಬಂದ ಕೋಚ್ ಮೈಕ್ ಷೂಲಾ 2006ರಲ್ಲಿ ಆಬರ್ನ್‌ಗೆ ಸೋತ ಮೇಲೆ ಹುದ್ದೆ ಕಳೆದುಕೊಂಡರು, ಮುಂದಿನ ಆಯ್ಕೆಯಾಗಿದ್ದ ರಿಚ್ ರೋಡ್ರಿಗಸ್ ಬಹಿರಂಗವಾಗಿಯೇ ಒಲ್ಲೆ ಎಂದರು. ನೆಬ್ರಾಸ್ಕಾಕ್ಕೆ 2003ರಲ್ಲಿ ಆದ ಮುಖಭಂಗವೇ ಅಲಬಾಮಾಕ್ಕೂ ಆಯಿತು.

ವ್ಯತ್ಯಾಸ ಮುಂದಿನ ಹೆಜ್ಜೆಯಲ್ಲಿದೆ. ಕ್ರೀಡಾ ನಿರ್ದೇಶಕ ಮ್ಯಾಲ್ ಮೂರ್ 2007ರ ಜನವರಿ 3ರಂದು ಮಯಾಮಿಯಿಂದ ವಿಮಾನದಲ್ಲಿ, ಅಲ್ಲಿನ ವೃತ್ತಿಪರ ತಂಡದ ಕೋಚ್ ಆಗಿದ್ದ ನಿಕ್ ಸೇಬನ್ ಅವರನ್ನು ಕರೆದುಕೊಂಡೇ ಬಂದರು. ಎರಡು ವಾರಗಳ ಹಿಂದಷ್ಟೇ ತಾನು ಅಲಬಾಮಾಕ್ಕೆ ಹೋಗುವುದಿಲ್ಲ ಎಂದು ಸಾರ್ವಜನಿಕವಾಗಿ ಹೇಳಿದ್ದವರು ಸೇಬನ್, ಆದ್ದರಿಂದ ಅವರ ಸ್ವಂತ ಮರ್ಯಾದೆಗೂ ಅಂದು ಪೆಟ್ಟು ಬಿದ್ದದ್ದು ನಿಜ. ಎಂಟು ವರ್ಷಕ್ಕೆ 3.2 ಕೋಟಿ ಡಾಲರುಗಳ ಒಪ್ಪಂದವನ್ನು ಅಂದಿನ ಪತ್ರಿಕೆಗಳು ಹುಚ್ಚು ಎಂದು ಬರೆದವು. ಆದರೆ ವಿಶ್ವವಿದ್ಯಾಲಯ ಕೊಟ್ಟದ್ದು ಹಣವನ್ನಷ್ಟೇ ಅಲ್ಲ. ಫುಟ್‌ಬಾಲಿನ ವಿಷಯದಲ್ಲಿ ಇನ್ನು ಮುಂದೆ ಮಾತು ಒಬ್ಬರದೇ ಎಂಬ ಖಾತ್ರಿಯನ್ನೂ ಕೊಟ್ಟಿತು. ದೇಣಿಗೆದಾರರು, ಹಳೆಯ ಆಟಗಾರರು, ಟ್ರಸ್ಟಿಗಳು ಇಪ್ಪತ್ತೈದು ವರ್ಷಗಳಿಂದ ಎಳೆದಾಡುತ್ತಿದ್ದ ಹಗ್ಗವನ್ನು ಕೆಳಗಿಟ್ಟರು. ಅದೇ ವಸಂತದಲ್ಲಿ ತಂಡದ ಒಳಗಿನ ಅಭ್ಯಾಸ ಪಂದ್ಯವೊಂದನ್ನು ನೋಡಲು 92,138 ಜನ ಬಂದರು.

ಅಷ್ಟೆಲ್ಲ ಆದರೂ ಮೊದಲ ವರ್ಷ ಏಳು ಗೆಲುವು, ಆರು ಸೋಲು. ನವೆಂಬರ್‌ನಲ್ಲಿ ಲೂಸಿಯಾನಾ–ಮನ್ರೋ ಎಂಬ ಸಣ್ಣ ತಂಡ ತವರು ಮೈದಾನದಲ್ಲೇ ಅವರನ್ನು 21–14ರಿಂದ ಸೋಲಿಸಿತು. ಪಠ್ಯಪುಸ್ತಕಗಳ ವಿತರಣೆಯಲ್ಲಿ ನಡೆದ ಅವ್ಯವಹಾರದಿಂದ ಕೆಲವು ಆಟಗಾರರು ಅಮಾನತಾದರು, ಆ ಪ್ರಕರಣದಲ್ಲಿ ಮುಂದೆ 2005ರಿಂದ 2007ರವರೆಗಿನ 21 ಗೆಲುವುಗಳೇ ದಾಖಲೆಯಿಂದ ಹೋದವು. ಈ ಘಟ್ಟದಲ್ಲಿ ನೆಬ್ರಾಸ್ಕಾದವರು ಮಾಡಿದಂತೆ ಅಲಬಾಮಾದವರು ಗಾಬರಿಯಾಗಲಿಲ್ಲ, ಏಕೆಂದರೆ ಗೆಲುವಿನ ಪಟ್ಟಿಯಲ್ಲಿ ಕಾಣದ ಬದಲಾವಣೆ ಆಗಲೇ ಕಾಣತೊಡಗಿತ್ತು. 2008ರ ಫೆಬ್ರುವರಿಯಲ್ಲಿ ಸಹಿ ಮಾಡಿದ ಹುಡುಗರಲ್ಲಿ ಹೂಲಿಯೋ ಜೋನ್ಸ್, ಮಾರ್ಕ್ ಇಂಗ್ರಮ್ ಇದ್ದರು. ಸೇಬನ್ ಅವರ ಕಲಿಸುವ ವಿಧಾನದ ಮೂಲ ಕೂಡ ಗಮನಾರ್ಹ. ಮಿಶಿಗನ್ ಸ್ಟೇಟ್‌ನಲ್ಲಿದ್ದಾಗ, 1998ರಲ್ಲಿ, ಅಗ್ರಸ್ಥಾನದಲ್ಲಿದ್ದ ಒಹಾಯೊ ಸ್ಟೇಟ್ ಎದುರಿನ ಪಂದ್ಯಕ್ಕೆ ಮುನ್ನ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಕ ಲಯನಲ್ ರೋಸೆನ್ ಎಂಬವರು ಸೇಬನ್ ಅವರಿಗೆ ಒಂದು ಸಲಹೆ ಕೊಟ್ಟಿದ್ದರು: ಸ್ಕೋರಿನ ಯೋಚನೆ ಬಿಡಿ, ಒಂದು ಆಟದ ತುಣುಕು ಸರಾಸರಿ ಏಳು ಸೆಕೆಂಡು ಇರುತ್ತದೆ, ಆ ಏಳು ಸೆಕೆಂಡು ಮಾಡಬೇಕಾದ್ದನ್ನು ಮಾಡಿ, ಮುಗಿದ ಮೇಲೆ ಮುಂದಿನದಕ್ಕೆ ಹೋಗಿ. ಅಂದು ಅವರು 28–24ರಿಂದ ಗೆದ್ದರು. ಕಳೆದುಹೋದ ವೈಭವದ ಭಾರ ಹೊತ್ತ ತಂಡಕ್ಕೆ ಇದಕ್ಕಿಂತ ಒಳ್ಳೆಯ ಔಷಧಿಯನ್ನು ನಾನು ಬೇರೆ ಕಂಡಿಲ್ಲ. ಬ್ರಯಂಟ್ ಕಾಲವನ್ನು ಮರಳಿ ತರಬೇಕು ಎಂಬ ಹೊರೆಯನ್ನು ಹತ್ತೊಂಬತ್ತರ ಹುಡುಗನ ಹೆಗಲಿನಿಂದ ಅದು ಇಳಿಸುತ್ತದೆ.

ಫಲ ಬಂದದ್ದು 2008ರ ಆಗಸ್ಟ್ 30ರಂದು, ಅಟ್ಲಾಂಟಾದಲ್ಲಿ. ದೇಶದಲ್ಲಿ ಒಂಬತ್ತನೆಯ ಸ್ಥಾನದಲ್ಲಿದ್ದ ಕ್ಲೆಮ್ಸನ್ ತಂಡವನ್ನು 34–10ರಿಂದ ಸೋಲಿಸಿದ್ದು ಅಷ್ಟು ದೊಡ್ಡದಲ್ಲ, ಇಡೀ ಪಂದ್ಯದಲ್ಲಿ ಓಟದಿಂದ ಕ್ಲೆಮ್ಸನ್ ಗಳಿಸಿದ ಗಜಗಳ ನಿವ್ವಳ ಮೊತ್ತ ಸೊನ್ನೆ ಎಂಬುದು ದೊಡ್ಡದು. ಒಂದು ತಿಂಗಳ ನಂತರ ಜಾರ್ಜಿಯಾದ ತವರಿನಲ್ಲಿ ಅರ್ಧ ಆಟ ಮುಗಿದಾಗ ಸ್ಕೋರು 31–0. ನವೆಂಬರ್‌ನಲ್ಲಿ, ಆರು ವರ್ಷ ಸತತವಾಗಿ ತಮ್ಮನ್ನು ಸೋಲಿಸಿದ್ದ ಆಬರ್ನ್ ವಿರುದ್ಧ 36–0. ಆ ವರ್ಷ ಪಟ್ಟ ಸಿಗಲಿಲ್ಲ, ಕೊನೆಯ ಎರಡು ಪಂದ್ಯಗಳನ್ನು ಸೋತರು. ಆದರೆ ಗೌರವ ಮರಳಿತ್ತು. 2009ರ ಅಕ್ಟೋಬರ್‌ನಲ್ಲಿ ಟೆನೆಸಿ ಎದುರು 12–10ರ ಮುನ್ನಡೆಯಲ್ಲಿದ್ದಾಗ, ಕೊನೆಯ ನಾಲ್ಕು ಸೆಕೆಂಡುಗಳಲ್ಲಿ ಎದುರಾಳಿ ಮೂರು ಅಂಕಗಳಿಗಾಗಿ ಒದ್ದ 44 ಗಜದ ಫೀಲ್ಡ್ ಗೋಲನ್ನು ಸುಮಾರು 160 ಕಿಲೋ ತೂಕದ ಟೆರೆನ್ಸ್ ಕೋಡಿ ಕೈಚಾಚಿ ತಡೆದರು. ಅಂದು ಅವರು ಚೆನ್ನಾಗಿ ಆಡಿರಲಿಲ್ಲ. ಚೆನ್ನಾಗಿ ಆಡದ ದಿನವೂ ಗೆಲ್ಲುವ ದಾರಿ ಕಂಡುಕೊಳ್ಳುವ ತಂಡ ಬೇರೆಯೇ ಬಗೆಯದು. ಅಲ್ಲಿಂದ ಮೂರು ತಿಂಗಳೊಳಗೆ ಟೆಕ್ಸಾಸ್ ತಂಡವನ್ನು 37–21ರಿಂದ ಸೋಲಿಸಿ ಹದಿನಾಲ್ಕಕ್ಕೆ ಹದಿನಾಲ್ಕು ಗೆದ್ದರು. 2024ರ ಜನವರಿಯಲ್ಲಿ ನಿವೃತ್ತರಾಗುವಾಗ ಸೇಬನ್ ಅಲಬಾಮಾಕ್ಕೆ ಆರು ಪಟ್ಟ ತಂದಿದ್ದರು.

ಅಲಬಾಮಾ ಸುತ್ತಲೂ ಆಟಗಾರರ ಕಣಜವೇ ಇದೆ, ಆ ಅನುಕೂಲ ನೆಬ್ರಾಸ್ಕಾಕ್ಕೆ ಇಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಈಗ ಆಟಗಾರರು ಕಾಯದೆ ವಿಶ್ವವಿದ್ಯಾಲಯ ಬದಲಿಸಬಹುದು, 2021ರಿಂದ ತಮ್ಮ ಹೆಸರಿನ ಬಳಕೆಗೆ ಹಣವನ್ನೂ ಪಡೆಯಬಹುದು. ಇದರಿಂದ ಭೂಗೋಳದ ಹಿಡಿತ ಸಡಿಲವಾಗಿದೆ, ಮೇಲೇಳಲು ಬೇಕಾಗುವ ಕಾಲವೂ ಕಡಿಮೆಯಾಗಿದೆ. ಕಾಲೇಜು ಫುಟ್‌ಬಾಲಿನಲ್ಲಿ ಅತಿ ಹೆಚ್ಚು ಸೋಲು ಕಂಡ ತಂಡಗಳಲ್ಲಿ ಒಂದಾದ ಇಂಡಿಯಾನಾ, ಹೊಸ ಕೋಚ್ ಬಂದ ಮೊದಲ ವರ್ಷವೇ, 2024ರಲ್ಲಿ, ಪ್ಲೇಆಫ್ ತಲುಪಿತು. ಆ ದಾರಿಯಲ್ಲಿ ಅಕ್ಟೋಬರ್ 19ರಂದು ನೆಬ್ರಾಸ್ಕಾವನ್ನು ಸೋಲಿಸಿದ್ದು 56–7ರಿಂದ. ಅಂಥ ಅವಕಾಶ ಇಲ್ಲದ ಕಾಲದಲ್ಲಿ, 1987ರಲ್ಲಿ ಒಂದು ಇಡೀ ಋತುವಿನ ನಿಷೇಧಕ್ಕೆ ಗುರಿಯಾದ ಡಲ್ಲಸ್‌ನ ಸದರ್ನ್ ಮೆಥಡಿಸ್ಟ್ ತಂಡಕ್ಕೆ ಮತ್ತೊಂದು ಬೌಲ್ ಪಂದ್ಯ ಆಡಲು 2009ರವರೆಗೆ ಕಾಯಬೇಕಾಯಿತು.

ಕೊನೆಯದಾಗಿ, ಕ್ರೀಡಾಂಗಣದಲ್ಲಿ ಕುಳಿತಾಗ ನೀವು ಏನನ್ನು ಗಮನಿಸಬೇಕು ಎಂದು ಹೇಳುತ್ತೇನೆ. ಈಗಿನ ಕೋಚ್ ಮ್ಯಾಟ್ ರೂಲ್ ಹಿಂದೆ ಬೇಲರ್ ತಂಡವನ್ನು 2017ರ ಒಂದು ಗೆಲುವಿನಿಂದ 2019ರ ಹನ್ನೊಂದು ಗೆಲುವಿಗೆ ಏರಿಸಿದವರು, ಎಂದರೆ ಕಟ್ಟುವ ಕೆಲಸ ಬಲ್ಲವರು. 2024ರಲ್ಲಿ ಅವರ ತಂಡ ಏಳು ಗೆದ್ದು ಆರು ಸೋತಿತು, 2016ರ ನಂತರ ಮೊದಲ ಬೌಲ್ ಪಂದ್ಯ ಆಡಿ ಬಾಸ್ಟನ್ ಕಾಲೇಜನ್ನು 20–15ರಿಂದ ಸೋಲಿಸಿತು. ಒಟ್ಟು ಗೆಲುವುಗಳ ಸಂಖ್ಯೆಗೆ ಹೆಚ್ಚು ಬೆಲೆ ಕೊಡಬೇಡಿ. ಫ್ರಾಸ್ಟ್ ಕಾಲದಲ್ಲಿ ಎಂಟು ಅಂಕಗಳೊಳಗೆ ಮುಗಿದ 27 ಪಂದ್ಯಗಳಲ್ಲಿ ನೆಬ್ರಾಸ್ಕಾ ಸೋತದ್ದು 22ರಲ್ಲಿ. 2021ರಲ್ಲಿ ಎದುರಾಳಿಗಳಿಗಿಂತ ಒಟ್ಟಾರೆ ಹೆಚ್ಚು ಅಂಕ ಗಳಿಸಿಯೂ ಒಂಬತ್ತು ಪಂದ್ಯ ಸೋತಿತು. ಸಾಮರ್ಥ್ಯಕ್ಕಿಂತ ಹೆಚ್ಚಾಗಿ, ಕೊನೆಯ ಐದು ನಿಮಿಷಗಳಲ್ಲಿ ತಾವು ಗೆಲ್ಲಬಲ್ಲೆವು ಎಂದು ನಂಬುವ ಅಭ್ಯಾಸವೇ ತಪ್ಪಿಹೋಗಿದ್ದರ ಗುರುತು ಇದು. 2016ರ ಸೆಪ್ಟೆಂಬರ್‌ನಲ್ಲಿ ಆರೆಗಾನ್ ತಂಡವನ್ನು 35–32ರಿಂದ ಸೋಲಿಸಿದ ಮೇಲೆ 2024ರ ಋತು ಮುಗಿಯುವವರೆಗೂ ಶ್ರೇಯಾಂಕ ಪಡೆದ ಒಂದು ತಂಡವನ್ನೂ ಅವರು ಸೋಲಿಸಿರಲಿಲ್ಲ. ಆದರೆ ಇಂಡಿಯಾನಾ ಎದುರು 56–7ರಿಂದ ಸೋತ ಮರುವಾರವೇ, ಆ ವರ್ಷ ರಾಷ್ಟ್ರೀಯ ಚಾಂಪಿಯನ್ ಆದ ಒಹಾಯೊ ಸ್ಟೇಟ್ ತಂಡವನ್ನು ಅವರದೇ ಮೈದಾನದಲ್ಲಿ ಕೊನೆಯವರೆಗೂ ಕಾಡಿ ಸೋತದ್ದು 21–17ರಿಂದ. ಇಂಥ ಪಂದ್ಯಗಳಲ್ಲಿ ಕೊನೆಯ ಹಂತದಲ್ಲಿ ಹಿಂದಿರುವಾಗ ತಂಡ ಹೇಗೆ ಆಡುತ್ತದೆ, ಮತ್ತು ಅಂಥದೊಂದನ್ನು ಸೋತ ಸೋಮವಾರ ವಿಶ್ವವಿದ್ಯಾಲಯದ ಆಡಳಿತ ಕೋಚ್ ಬಗ್ಗೆ ಏನು ಹೇಳುತ್ತದೆ, ಅಥವಾ ಏನೂ ಹೇಳದೆ ಸುಮ್ಮನಿರುತ್ತದೆಯೇ, ಎಂಬ ಎರಡನ್ನು ನೋಡುತ್ತ ಬನ್ನಿ.